ನೆಲ ಡೊಂಕೇ ಇರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಸರಿ, ಆದರೆ ಈ ಗಾದೆ ಕಟ್ಟಿದ ಪುಣ್ಯಾತ್ಮರಲ್ಲಿ ಒಬ್ಬರಾದರೂ ಆ ನೆಲದ ಮೇಲೆ ರಸಮಟ್ಟ ಇಟ್ಟು ನೋಡಿದ್ದರೇ? ಪಾಪದ ಹೆಂಗಸಿನ ಮೇಲೆ ಗೂಬೆ ಕೂರಿಸಿ ಎದ್ದು ಹೋದರು, ಅಷ್ಟೆ.

ಬೆಂಗಳೂರಿನ ಯಾವುದಾದರೂ ಕ್ಲೈಂಬಿಂಗ್ ಜಿಮ್ಮಿಗೆ ಸಂಜೆ ಹೊತ್ತು ಹೋಗಿ ನಿಂತುಕೊಳ್ಳಿ. ಗೋಡೆಯಿಂದ ಮೆತ್ತೆಗೆ ದೊಪ್ಪನೆ ಬಿದ್ದವರೆಲ್ಲ ಮಲಗಿದಲ್ಲಿಂದಲೇ ಮೇಲೆ ಬೆರಳು ತೋರಿಸಿ ಹೇಳುವುದು ಒಂದೇ ಮಾತು: "ಆ ಹೋಲ್ಡು ಪಾಲಿಶ್ ಆಗ್ಬಿಟ್ಟಿದೆ ಗುರೂ!" ರಾತ್ರಿ ತಿಂದ ಬಿರಿಯಾನಿಯ ಹೆಸರನ್ನು ಯಾರೂ ಎತ್ತುವುದಿಲ್ಲ. ತಮಾಷೆಯೆಂದರೆ, ಒಮ್ಮೊಮ್ಮೆ ಅವರು ಹೇಳುವುದು ನಿಜವೂ ಆಗಿರುತ್ತದೆ.

ಕೈಕಾಲಿಗೆ ಆಸರೆಯೆಂದು ಗೋಡೆಗೆ ಬೋಲ್ಟು ಹಾಕಿ ಬಿಗಿದ ಈ ಬಣ್ಣಬಣ್ಣದ ಹೋಲ್ಡುಗಳು ಹುಟ್ಟುವುದು ಫೋಮಿನಲ್ಲಿ. ಫೋಮನ್ನು ಕೆತ್ತಿ, ಅದರ ಮೇಲೆ ಸಿಲಿಕೋನ್ ಸುರಿದು ಅಚ್ಚು ತೆಗೆದು, ಅಚ್ಚಿಗೆ ಪಾಲಿಯೆಸ್ಟರ್ ರಾಳವನ್ನೋ ಪಾಲಿಯುರೆಥೇನನ್ನೋ ಎರೆಯುತ್ತಾರೆ. ಫೋಮಿನ ಮೈಮೇಲಿದ್ದ ತರಿತರಿಯೇ ಅಚ್ಚಿಗಿಳಿದು ಹೋಲ್ಡಿನ ಮೈಗೂ ಬರುತ್ತದೆ. ಅಂದರೆ ಆ ಒರಟುತನವೆಲ್ಲ ಮೇಲ್ಮೈಯದು, ಒಳಗೆ ದಾಸ್ತಾನಿಲ್ಲ. ಸವೆದರೆ ಸವೆಯಿತು.

ಮನೆಯಲ್ಲಿ ವಿಟ್ರಿಫೈಡ್ ಟೈಲ್ಸ್, ಅಡುಗೆ ಕಟ್ಟೆಗೆ ಮಿರಮಿರ ಮಿಂಚುವ ಗ್ರಾನೈಟು, ಮುಖಕ್ಕೆ ವಾರಕ್ಕೊಂದು ಲೇಪ. ಎಲ್ಲವನ್ನೂ ನುಣ್ಣಗೆ ಮಾಡಿಸಿಕೊಂಡ ಮೇಲೆ ಸಂಜೆ ದುಡ್ಡು ಕೊಟ್ಟು ಒರಟನ್ನು ಹುಡುಕಿಕೊಂಡು ಬರುವ ಜನ ನಾವು. ಈ ಕಥೆ ಕೇಳಿದ ನಮ್ಮಜ್ಜಿ ಮಾತ್ರ ಒಂಚೂರೂ ಬೆರಗಾಗಲಿಲ್ಲ. "ಒರಳು ನುಣ್ಣಗಾದ್ರೆ ಉಳಿ ಹೊಡೆಸ್ತಿರಲಿಲ್ವೇನೋ? ಹೊಡೆಸಿದ ಮೇಲೆ ಮೊದಲ ಸಲ ಅರೆದದ್ದನ್ನ ಚೆಲ್ಲಬೇಕು. ಇಲ್ದಿದ್ರೆ ಚಟ್ನೀಲಿ ಕಲ್ಲು ಸಿಗುತ್ತೆ" ಎಂದು ಸುಮ್ಮನಾದರು. ಜಿಮ್ಮಿನ ಮಾಲೀಕರು ಸಲಹೆಗಾರರನ್ನು ಹುಡುಕುತ್ತಿದ್ದರೆ ಅಜ್ಜಿಯ ವಿಳಾಸ ಕೊಡುತ್ತೇನೆ.

ಆದರೆ ಉಳಿ ಹಿಡಿಯುವ ಮೊದಲು ಬಕೀಟು ಹಿಡಿಯಬೇಕು. ಪಾಲಿಶ್ ಆಗಿದೆ ಎಂದು ದೂರು ಬಂದ ಹೋಲ್ಡುಗಳಲ್ಲಿ ಬಹಳಷ್ಟು ಬರೀ ಕೊಳಕಾಗಿರುತ್ತವೆ. ಕೈಗೆ ಹಚ್ಚುವ ಬಿಳಿ ಪುಡಿ ಇದೆಯಲ್ಲ, ಚಾಕ್ ಎನ್ನುತ್ತೇವಾದರೂ ಅದು ಮೆಗ್ನೀಷಿಯಂ ಕಾರ್ಬೊನೇಟು. ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದ ಅಮೆರಿಕದ ಜಾನ್ ಗಿಲ್ 1950ರ ದಶಕದಲ್ಲಿ ಅದನ್ನು ಬಂಡೆ ಹತ್ತುವುದಕ್ಕೂ ತಂದರು. ಆ ಪುಡಿಗೆ ಬೆವರು, ಚರ್ಮದ ಎಣ್ಣೆ, ಮೇಲೆ ಶೂವಿನ ಕರಿ ರಬ್ಬರು ಸೇರಿ ತರಿಯ ಸಂದುಗಳಲ್ಲಿ ಗಾರೆ ಮೆತ್ತಿದ ಹಾಗೆ ಕೂರುತ್ತದೆ. ಹೋಲ್ಡನ್ನು ಬಿಚ್ಚಿ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಹಾಕಿದರೆ ಪುಡಿ ಬುರುಬುರು ನೊರೆಯೆದ್ದು ಕರಗುತ್ತದೆ. ರಬ್ಬರು ಆಮ್ಲಕ್ಕೆ ಬಗ್ಗುವುದಿಲ್ಲ, ಅದಕ್ಕೆ ಬ್ರಶ್ಶಿನ ಏಟೋ ಗಾಡಿ ತೊಳೆಯುವ ಪ್ರೆಶರ್ ಪಂಪೋ ಬೇಕು. ತಂತಿ ಬ್ರಶ್ಶನ್ನು ಮಾತ್ರ ದೂರವಿಡಿ, ಉಳಿದಿರುವ ತರಿಯನ್ನೂ ಅದು ತಿಂದು ಹಾಕುತ್ತದೆ. ಹೀಗೆ ಅಭ್ಯಂಜನವಾದ ಮೇಲೆ ಎಷ್ಟೋ ಹೋಲ್ಡುಗಳು ಮತ್ತೆ ಕೈ ಹಿಡಿಯುತ್ತವೆ, ಅವುಗಳ ಮೇಲೆ ದೂರು ಕೊಟ್ಟವರು ಹೊಸ ನೆಪ ಹುಡುಕಿಕೊಳ್ಳುತ್ತಾರೆ.

ತೊಳೆದ ಮೇಲೂ ಜಾರಿದರೆ? ಯಾವ ಹೋಲ್ಡು ಎಂದು ನೋಡಬೇಕು. ಜಗ್ ಎಂಬ ದಪ್ಪ ಹಿಡಿಗೆ ತರಿ ಇದ್ದರೂ ಒಂದೇ, ಹೋದರೂ ಒಂದೇ. ಅದರ ಒಳಬಾಗೇ ಬೆರಳನ್ನು ಹಿಡಿದುಕೊಳ್ಳುತ್ತದೆ. ಅದನ್ನು ಒರಟು ಮಾಡಲು ಹೊರಟರೆ ಸುಮ್ಮನೆ ದುಡ್ಡು ದಂಡ. ಸ್ಲೋಪರ್ ಎಂಬ ಇಳಿಜಾರಿನ ಹೋಲ್ಡಿನದು ಬೇರೆ ಕಥೆ. ಅದಕ್ಕೆ ಅಂಚಿಲ್ಲ, ಒಳಬಾಗಿಲ್ಲ, ಘರ್ಷಣೆಯೊಂದೇ ಅದರ ಆಸ್ತಿ. ಅದು ಸವೆದರೆ ದಿವಾಳಿ.

ಇಲ್ಲಿ ಉಪ್ಪುಕಾಗದ ಪ್ರವೇಶಿಸುತ್ತದೆ. ಕ್ಲೈಂಬರುಗಳ ಚೀಲದಲ್ಲಿ ಅದು ಮೊದಲೇ ಇರುತ್ತದೆ, ಅಂಗೈಯ ಜಡ್ಡನ್ನು ಉಜ್ಜಿ ನಯ ಮಾಡಿಕೊಳ್ಳಲು. ಅದೇ ಕಾಗದದಿಂದ ಹೋಲ್ಡನ್ನು ಒರಟು ಮಾಡಬಹುದೆಂದು ನಂಬುವವರಿದ್ದಾರೆ! ಒಂದೇ ಕಾಗದ ಒಂದು ಕಡೆ ನುಣುಪನ್ನೂ ಇನ್ನೊಂದು ಕಡೆ ಒರಟನ್ನೂ ಕೊಡಬೇಕೆಂದರೆ ಅದಕ್ಕಾದರೂ ತಲೆ ಕೆಡದೆ ಇರುತ್ತದೆಯೇ? ಉಜ್ಜಿದಾಗ ಗೀರು ಬೀಳುತ್ತದೆ, ಒಂದಷ್ಟು ದಿನ ಹಿಡಿತ ಸಿಕ್ಕಂತೆಯೂ ಆಗುತ್ತದೆ. ಆಮೇಲೆ ಮೊದಲಿಗಿಂತ ನುಣುಪು.

ಮರಳು ಚಿಮ್ಮಿಸಿ ಹೊಡೆಯುವ ಸ್ಯಾಂಡ್‌ಬ್ಲಾಸ್ಟಿಂಗ್ ಇದಕ್ಕಿಂತ ಮೇಲು. ಸಣ್ಣ ಸಣ್ಣ ಗುಳಿಗಳು ಬಿದ್ದು ಮೈ ಮತ್ತೆ ತರಿತರಿಯಾಗುತ್ತದೆ. ಕೈ ತಪ್ಪಿದರೆ ಬೆರಳ ತುದಿಗಷ್ಟೇ ಜಾಗವಿರುವ ಕ್ರಿಂಪ್ ಎಂಬ ಸಣ್ಣ ಹೋಲ್ಡಿನ ಅಂಚೇ ಕರಗಿ ಮಾಯ. ಮೂರನೆಯ ದಾರಿ, ಬಣ್ಣಕ್ಕೋ ರಾಳಕ್ಕೋ ಸಣ್ಣ ಮರಳು ಬೆರೆಸಿ ಬಳಿಯುವುದು. ಗೋಡೆಗೆ ಬಿಗಿಯುವ ವಾಲ್ಯೂಮ್ ಎಂಬ ಪ್ಲೈವುಡ್ಡಿನ ದೊಡ್ಡ ಉಬ್ಬುಗಳಿಗೆ ಇದು ಹೇಳಿ ಮಾಡಿಸಿದ ಮದ್ದು. ಬಾಗಿ ಬಳುಕುವ ಪಾಲಿಯುರೆಥೇನಿನ ಮೇಲೆ ಮಾತ್ರ ಅದು ಸಿಪ್ಪೆಯೇಳಬಹುದು. ಏನೇ ಮಾಡಿ, ಮೂಗಿಗೆ ಸರಿಯಾದ ಮಾಸ್ಕ್ ಹಾಕಿ ಬಯಲಿನಲ್ಲಿ ಮಾಡಿ. ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ, ಅದರಲ್ಲಿ ತಮಾಷೆಯಿಲ್ಲ. ಕೆಲಸ ಮುಗಿದ ಮೇಲೆ ಹೋಲ್ಡನ್ನು ಚೆನ್ನಾಗಿ ತೊಳೆದು ಗೋಡೆಗೇರಿಸಿ. ಮೊದಲ ಚಟ್ನಿಯ ವಿಷಯ ಅಜ್ಜಿ ಆಗಲೇ ಹೇಳಿದ್ದಾರೆ.

ಹೀಗೆ ಬೆವರು ಸುರಿಸಿ ಒರಟನ್ನು ಮರಳಿ ತರುವಷ್ಟರಲ್ಲಿ ಮಾರುಕಟ್ಟೆಗೆ ಏನು ಬಂದಿದೆ ಗೊತ್ತೇ? ಅರ್ಧ ಒರಟು, ಅರ್ಧ ಗಾಜಿನಂತೆ ನುಣುಪಾದ ಡ್ಯುಯಲ್ ಟೆಕ್ಸ್ಚರ್ ಹೋಲ್ಡು. ಇಲ್ಲಿ ಹಿಡಿಯಬೇಡ, ಜಾರುತ್ತೀಯ ಎಂದು ತಯಾರಕರೇ ಮಾಡಿ ಕೊಡುತ್ತಾರೆ. ನಮ್ಮ ಹಳೆಯ ಹೋಲ್ಡು ಪುಕ್ಕಟೆಯಾಗಿ ಜಾರುತ್ತಿದ್ದಾಗ ಬೈದವರೇ ಇದನ್ನು ಕಾಸು ಕೊಟ್ಟು ತರಿಸುತ್ತಾರೆ.

ಬಯಲ ಬಂಡೆಗೆ ಈ ಯಾವ ಚಿಕಿತ್ಸೆಯೂ ಸಲ್ಲದು. ಇಂಗ್ಲೆಂಡಿನ ಸ್ಟೋನಿ ಮಿಡಲ್‌ಟನ್ನಿನ ಸುಣ್ಣದ ಕಲ್ಲು ಹತ್ತಿದವರ ಕಾಲು ತಾಗಿ ತಾಗಿಯೇ ಹೊಳೆಯುತ್ತದೆ. ಪ್ಯಾರಿಸ್ಸಿನ ಹತ್ತಿರದ ಫಾಂಟೆನ್‌ಬ್ಲೋದಲ್ಲಿ ಪೋಫ್ ಎಂಬ ರಾಳದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಬಡಿದು ಬಡಿದು ಮರಳುಗಲ್ಲಿಗೆ ಮೆರುಗು ಬಂದಿದೆ. ಉಳಿ ಹಿಡಿದು ಹೋದರೆ ಅಲ್ಲಿನ ಕ್ಲೈಂಬರುಗಳೇ ನಿಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಬಾದಾಮಿಯ ಕೆಂಪು ಬಂಡೆಗೂ ಹಂಪಿಯ ಗುಂಡುಗಳಿಗೂ ಅದೇ ನ್ಯಾಯ. ಚಿತ್ರದುರ್ಗದ ಕೋಟೆ ಜಾರುತ್ತದೆ ಎಂದು ದೂರು ಕೊಡೋಣವೆಂದರೆ ಮದಕರಿ ನಾಯಕರೂ ಇಲ್ಲ.

ಆದ್ದರಿಂದ ಕ್ಲೈಂಬರ್ ಮಹಾಶಯರೇ, ಇಳಿದ ಮೇಲೆ ಹೋಲ್ಡನ್ನು ಒಂದು ಸಲ ಬ್ರಶ್ಶಿನಿಂದ ಉಜ್ಜಿ. ಚೀಲಕ್ಕೆ ಸಿಕ್ಕಿಸಿಕೊಂಡ ಆ ಬ್ರಶ್ಶು ಒಡವೆಯಲ್ಲ. ಹಾಗೆಯೇ, ಹತ್ತುವ ಶೂ ಹಾಕಿಕೊಂಡೇ ಶೌಚಾಲಯಕ್ಕೆ ಹೋಗಿ ಬಂದು ಸೀದಾ ಗೋಡೆ ಹತ್ತುವವರಿಗೊಂದು ವಿನಂತಿ: ಶೂ ಬಿಚ್ಚಿಟ್ಟು ಚಪ್ಪಲಿ ಮೆಟ್ಟಿ ಹೋಗಿ. ನೀವು ಕಾಲಿಟ್ಟ ಹೋಲ್ಡಿಗೆ ಮುಂದಿನವರು ಕೈ ಹಾಕುತ್ತಾರೆ, ಆ ಕೈಯಲ್ಲೇ ಹೊರಗೆ ಬಂದು ಪಾನಿಪೂರಿ ತಿನ್ನುತ್ತಾರೆ.