ಮಹಾಕ್ಷೋಭದಿಂದ ಆಣೆಯವರೆಗೆ

ಗಣಿತದಲ್ಲಿ ಅತಿ ದೊಡ್ಡ ಸಂಖ್ಯೆ ಎಂಬುದಿಲ್ಲ. ಎಷ್ಟೇ ದೊಡ್ಡದನ್ನು ಹೇಳಿದರೂ ಪಕ್ಕದವನು ‘ಅದರ ಮೇಲೊಂದು’ ಎಂದರೆ ಮುಗಿಯಿತು. ಈ ಸಾಧನೆಗೆ ಪದವಿ ಬೇಕಿಲ್ಲ, ಸೈಟು ಹರಾಜು ನೋಡಿದ್ದರೆ ಸಾಕು. ದೊಡ್ಡದೆಂಬ ಪಟ್ಟವೇ ತಾತ್ಕಾಲಿಕ. ಅತಿ ಹೆಚ್ಚು ಮತದಾರರ ಕ್ಷೇತ್ರಗಳಲ್ಲೊಂದೆಂದು ಹೆಸರಾಗಿದ್ದ ಬೆಂಗಳೂರಿನ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರ 2008ರ ಪುನರ್ವಿಂಗಡಣೆಯಲ್ಲಿ ಹೋಳಾಗಿ, ಹೆಸರನ್ನೂ ಕಳೆದುಕೊಂಡಿತು.

ಕೊನೆಯಿಲ್ಲವೆಂದು ಗೊತ್ತಿದ್ದೂ ಎಣಿಸುವ ಚಪಲ ಬಿಡುವುದಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ, ಅಂದರೆ ಒಂದರ ಮುಂದೆ 23 ಸೊನ್ನೆ. ಅಲ್ಲಿ ಮುಗಿದದ್ದು ಹೆಸರುಗಳು, ಸಂಖ್ಯೆಗಳಲ್ಲ. ಜೈನ ಪಂಡಿತರಿಗೆ ಇದು ಚೆನ್ನಾಗಿ ಗೊತ್ತಿತ್ತು. ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲೂ ಬಗೆಗಳಿವೆ ಎಂದರು. ಒಂದು ಅನಂತಕ್ಕಿಂತ ಇನ್ನೊಂದು ದೊಡ್ಡದಿರಬಲ್ಲದು ಎಂಬುದಕ್ಕೆ ಪಕ್ಕಾ ಪುರಾವೆ ಕೊಟ್ಟವನು ಜರ್ಮನಿಯ ಕ್ಯಾಂಟರ್, 1874ರಲ್ಲಿ. ಗಣಿತದ ಪುರಾವೆಯಲ್ಲಿ ಬಳಸಿದ ಅತಿ ದೊಡ್ಡ ಸಂಖ್ಯೆಯೆಂದು ಗಿನ್ನೆಸ್ ಪುಸ್ತಕ 1980ರಲ್ಲಿ ದಾಖಲಿಸಿದ ಗ್ರಹಾಂ ಸಂಖ್ಯೆಯ ಕೊನೆಯ ಅಂಕಿ 7 ಎಂದು ಗೊತ್ತು, ಮೊದಲನೆಯದು ಗೊತ್ತಿಲ್ಲ. ಅದನ್ನು ಪೂರ್ತಿ ಬರೆಯಲು ನಮಗೆ ಕಾಣುವ ಬ್ರಹ್ಮಾಂಡದಲ್ಲಿ ಜಾಗ ಸಾಲದು.

ಜಾಗದ ಮಾತು ಬಂದರೆ ಉತ್ತರಹಳ್ಳಿಯವರು ಚುರುಕಾಗುತ್ತಾರೆ. ಚಿಕ್ಕ ಸಂಖ್ಯೆಗಳು ನೆಲೆಸಿರುವುದೂ ಅಲ್ಲಿನ ಪಹಣಿಗಳಲ್ಲೇ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗುಂಟೆಯೆಂದರೆ 1089 ಚದರ ಅಡಿ, ಆಣೆಯೆಂದರೆ ಸುಮಾರು 68. ಹೊಲ ಲೇಔಟಾದಾಗ ಒಂದು ‘ಥರ್ಟಿ ಫಾರ್ಟಿ’ ಸೈಟಿಗೆ ದಕ್ಕಿದ್ದು ಒಂದು ಗುಂಟೆ, ಒಂದೂವರೆ ಆಣೆ ಚಿಲ್ಲರೆ. ಆಣೆಗಿಂತ ಕೆಳಗೆ ಇಳಿಯಲು ಗಣಿತಕ್ಕೆ ಸಂಕೋಚವಿಲ್ಲ. ಆ 1200 ಚದರ ಅಡಿಯನ್ನು ತಲೆಮಾರಿಗೆ ಇಬ್ಬರಂತೆ ಹಂಚುತ್ತ ಹೋದರೆ ಹತ್ತನೆಯ ತಲೆಮಾರಿಗೆ ತಲಾ 1.17 ಚದರ ಅಡಿ. ನಿಲ್ಲಬಹುದು, ಪಕ್ಕಕ್ಕೆ ತಿರುಗಲು ದಾಯಾದಿಯ ಒಪ್ಪಿಗೆ ಬೇಕು. ಇಪ್ಪತ್ತನೆಯ ತಲೆಮಾರಿಗೆ ಸುಮಾರು ಒಂದು ಚದರ ಸೆಂಟಿಮೀಟರ್, ತುಳಸಿಕಟ್ಟೆಗೂ ಆಗದು. ಆದರೂ ಪಾಲು ಸೊನ್ನೆಯಾಗಿಲ್ಲ, ಎಂದಿಗೂ ಆಗುವುದಿಲ್ಲ. ಯಾವ ಧನಸಂಖ್ಯೆಯನ್ನಾದರೂ ಅರ್ಧ ಮಾಡಬಹುದಾದ್ದರಿಂದ ಅತಿ ಚಿಕ್ಕ ಧನಸಂಖ್ಯೆಯೂ ಇಲ್ಲ. ಸೊನ್ನೆಯ ಕೆಳಗೆ ಸಾಲದ ಲೋಕ. ಅಲ್ಲಿ ತಳವೇ ಇಲ್ಲವೆಂದು ಗೃಹಸಾಲದವರಿಗೆ ಬಿಡಿಸಿ ಹೇಳಬೇಕಿಲ್ಲ.

ಉಳಿದದ್ದು ಸೊನ್ನೆ. ಅದರಿಂದ ಭಾಗಿಸಿದರೂ ಸಂಖ್ಯೆ ಬದಲಾಗದು ಎಂದ ಮಹಾವೀರಾಚಾರ್ಯ. ಪಂಡಿತರು ಇದನ್ನು ತಪ್ಪೆನ್ನುತ್ತಾರೆ, ಆದರೆ ಲೋಕಜ್ಞಾನದಲ್ಲಿ ಇದು ಅಷ್ಟೇನೂ ಕೆಟ್ಟ ಉತ್ತರವಲ್ಲ: ಹಂಚಿಕೊಳ್ಳುವವರೇ ಇಲ್ಲದಿದ್ದರೆ ಸೈಟು ಇದ್ದ ಹಾಗೇ ಇರಬೇಕಲ್ಲವೆ? ಮುಂದೆ ಹನ್ನೆರಡನೆಯ ಶತಮಾನದಲ್ಲಿ ಭಾಸ್ಕರಾಚಾರ್ಯ ಉತ್ತರ ಅನಂತ ಎಂದ. ವಾರಸುದಾರರಿಲ್ಲದ ಸೈಟಿಗೆ ಉತ್ತರಹಳ್ಳಿಯಲ್ಲಿ ಎಷ್ಟು ಜನ ವಾರಸುದಾರರು ಹುಟ್ಟಿಕೊಳ್ಳುತ್ತಾರೆಂದು ಬಲ್ಲವರು ಭಾಸ್ಕರನ ಪಕ್ಷ. ಇಂದಿನ ಪಠ್ಯಪುಸ್ತಕ ಇಬ್ಬರಿಗೂ ಅಂಕ ಕೊಡದೆ, ಸೊನ್ನೆಯಿಂದ ಭಾಗಿಸುವಂತಿಲ್ಲ ಎಂದು ಒಂದೇ ಸಾಲಿನಲ್ಲಿ ವ್ಯಾಜ್ಯ ಮುಗಿಸಿದೆ.