ಇಲ್ಲದ ವಾರ್ಡನ್ನರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ವಾರ್ಡನ್ ಸಾಹೇಬರು,
ಉತ್ತರ ಬೆಂಗಳೂರು ವಿದ್ಯಾರ್ಥಿನಿಲಯ,
ಹೆಬ್ಬಾಳದಿಂದ ರಾಜಾನುಕುಂಟೆವರೆಗೆ.

ವಿಷಯ: ಒಂದು ಮಂಚ ಮಂಜೂರು ಮಾಡುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಹುದ್ದೆ ಇನ್ನೂ ಸೃಷ್ಟಿಯಾಗಿಲ್ಲ. ಹಾಸ್ಟೆಲ್ ಮಾತ್ರ ಯಾವತ್ತೋ ಶುರುವಾಗಿ ತುಂಬಿ ತುಳುಕುತ್ತಿದೆ. ಕಟ್ಟಿಗೇನಹಳ್ಳಿಯಲ್ಲಿ ರೇವಾ, ಹುಣಸಮಾರನಹಳ್ಳಿಯಲ್ಲಿ ಸರ್ ಎಂ.ವಿ., ಆವಲಹಳ್ಳಿಯಲ್ಲಿ ಬಿಎಂಎಸ್, ಇಟಗಲ್‌ಪುರದಲ್ಲಿ ಪ್ರೆಸಿಡೆನ್ಸಿ, ಮತ್ತಿಕೆರೆಯಲ್ಲಿ ರಾಮಯ್ಯ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು. ಕೆಲವರಿಗೆ ಕ್ಯಾಂಪಸ್ಸಿನಲ್ಲೇ ಹಾಸ್ಟೆಲ್ ಸಿಗುತ್ತದೆ. ಉಳಿದವರನ್ನು ಇಟ್ಟುಕೊಳ್ಳುವುದು ಊರು. ಒಂದು ಕಾಲೇಜಿನ ಗೇಟಿನಿಂದ ಮುಂದಿನ ಕಾಲೇಜಿನ ಗೇಟಿನವರೆಗೆ ಸಾಲುಗಟ್ಟಿದ ಪಿಜಿಗಳೇ ಈ ನಿಲಯದ ಬ್ಲಾಕುಗಳು, ಬಳ್ಳಾರಿ ರಸ್ತೆಯೇ ವರಾಂಡ. ಇಷ್ಟು ದೊಡ್ಡ ಹಾಸ್ಟೆಲ್ಲಿಗೆ ಅಡುಗೆಯವರಿದ್ದಾರೆ, ಬಾಡಿಗೆ ವಸೂಲಿಯವರಿದ್ದಾರೆ, ರಾತ್ರಿ ಹತ್ತಕ್ಕೆ ಗೇಟು ಹಾಕುವವರಿದ್ದಾರೆ. ವಾರ್ಡನ್ ಒಬ್ಬರಿಲ್ಲ.

ಹೊಸಬರಿಗೆ ಮೊದಲು ಕೊಡಬೇಕಾದ ಸೂಚನೆಯೊಂದಿದೆ. ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಪಾಲು ಮಾಡಿದ ಮೇಲೆ 2017ರಲ್ಲಿ ಕೆಲಸ ಶುರುಮಾಡಿದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಹೆಸರು ನೋಡಿ ಯಾರೂ ಯಲಹಂಕದಲ್ಲಿ ರೂಮು ಹುಡುಕಬಾರದು. ಅದರ ಕೇಂದ್ರ ಕಚೇರಿ ಇರುವುದು ಕೋಲಾರದ ಟಮಕದಲ್ಲಿ. ಬೆಂಗಳೂರಿನ ಉತ್ತರ ದಿಕ್ಕು ಪೂರ್ವಕ್ಕೆ ಅಷ್ಟು ದೂರ ಹೋಗುತ್ತದೆಂದು ಕೆಂಪೇಗೌಡರಿಗೂ ತಿಳಿದಿರಲಿಕ್ಕಿಲ್ಲ.

ಸೀಟು ಹಂಚುವುದರಲ್ಲಿ ಈ ರಾಜ್ಯಕ್ಕಿರುವ ಶಿಸ್ತು ನೋಡಿದರೆ ಮಂಚ ಹಂಚುವುದು ಯಾವ ದೊಡ್ಡ ಕೆಲಸ ಅನ್ನಿಸುತ್ತದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರ‍್ಯಾಂಕು, ಮೀಸಲಾತಿ, ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದ ಕೋಟಾ, ಆಪ್ಷನ್ ಎಂಟ್ರಿ ಎಲ್ಲವನ್ನೂ ಕೂಡಿಸಿ ಕಳೆದು ಸುತ್ತಿನ ಮೇಲೆ ಸುತ್ತು ನಡೆಸುತ್ತದೆ. ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆಯೂ ಉಂಟು. ಸೀಟು ಬಂದವರು ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಆದರೆ ಅಡ್ಮಿಷನ್ ಆದ ಹುಡುಗಿ ಆ ರಾತ್ರಿ ಎಲ್ಲಿ ಮಲಗುತ್ತಾಳೆ ಎಂದು ಕೇಳುವ ಕಾಲಂ ಎಲ್ಲೂ ಇಲ್ಲ. ತಾವು ಅಧಿಕಾರ ವಹಿಸಿಕೊಂಡ ದಿನವೇ ಮಂಚಕ್ಕೂ ಇದೇ ಪದ್ಧತಿ ಜಾರಿ ಮಾಡಬಹುದು. ಚಾಯ್ಸ್ ಒಂದು: ಸಿಕ್ಕ ಮಂಚ ಒಪ್ಪಿಗೆ, ಟ್ರಂಕು ಸಮೇತ ಹಾಜರು. ಚಾಯ್ಸ್ ಎರಡು: ಸದ್ಯಕ್ಕೆ ಒಪ್ಪಿಗೆ, ಕಿಟಕಿ ಇರುವ ರೂಮು ಖಾಲಿಯಾದರೆ ಬದಲಾವಣೆ. ಚಾಯ್ಸ್ ಮೂರು: ಈ ಮಂಚ ಬೇಡ, ಮುಂದಿನ ಸುತ್ತಿನವರೆಗೆ ಚಿಕ್ಕಮ್ಮನ ಮನೆಯ ಹಾಲ್. ಚಾಯ್ಸ್ ನಾಲ್ಕು: ಬೆಂಗಳೂರೇ ಬೇಡ, ತಾಲ್ಲೂಕಿನ ಡಿಗ್ರಿ ಕಾಲೇಜೇ ವಾಸಿ. ಎಷ್ಟೋ ಮನೆಗಳಲ್ಲಿ ಈ ನಾಲ್ಕನೆಯದನ್ನು ಮಗಳಿಗಿಂತ ಮೊದಲು ಅಪ್ಪನೇ ಒತ್ತಿಬಿಡುತ್ತಾನೆ.

ಪಿಜಿ ಬೇಡ, ನಾಲ್ಕು ಜನ ಸೇರಿ ಮನೆ ಮಾಡೋಣ ಎಂದು ಆರ್.ಟಿ. ನಗರದ ಕಡೆ ಹೊರಟವರ ಪಾಡು ಬೇರೆ. ಗೇಟಿನ ಹೊರಗೇ ಮೌಖಿಕ ಪರೀಕ್ಷೆ. “ಬ್ಯಾಚುಲರ್ಸಾ? ಇಲ್ಲಪ್ಪ, ಫ್ಯಾಮಿಲಿಗೆ ಮಾತ್ರ ಕೊಡೋದು.” ಇದನ್ನು ದಾಟಿದರೆ, “ನೀವು ಯಾವ ಕಡೆಯೋರು?” ರಾಯಚೂರು ಎಂದರೆ ಅದು ತಪ್ಪು ಉತ್ತರ, ಪ್ರಶ್ನೆ ಜಿಲ್ಲೆಯದ್ದಾಗಿರಲಿಲ್ಲ. ಆಮೇಲೆ, “ವೆಜ್ಜಾ, ನಾನ್‌ವೆಜ್ಜಾ?” ಅದರಲ್ಲೂ ತೀರ್ಮಾನವಾಗದಿದ್ದರೆ ಅಪ್ಪನ ಪೂರ್ತಿ ಹೆಸರು. ಕೆಲವು ಹೆಸರುಗಳು ಕಿವಿಗೆ ಬಿದ್ದ ಕೂಡಲೇ, ಆ ಕ್ಷಣದವರೆಗೂ ಖಾಲಿಯಿದ್ದ ಮನೆಗೆ ಯಾರೋ ಟೋಕನ್ ಅಡ್ವಾನ್ಸ್ ಕೊಟ್ಟುಹೋಗಿದ್ದು ಮಾಲೀಕರಿಗೆ ನೆನಪಾಗುತ್ತದೆ.

ಎಲ್ಲದರಲ್ಲೂ ಪಾಸಾದರೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಇಸಿದುಕೊಳ್ಳುವುದು ಬೆಂಗಳೂರಿನ ಹಳೇ ಸಂಪ್ರದಾಯ. ವಾಸದ ಮನೆಗೆ ಎರಡು ತಿಂಗಳದ್ದು ಸಾಕು ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಅದು ಆರ್.ಟಿ. ನಗರದ ಬಸ್ಸು ಹತ್ತಿದಂತೆ ಕಾಣುವುದಿಲ್ಲ. ಕರಾರು ಹನ್ನೊಂದು ತಿಂಗಳದ್ದು, ಏಕೆಂದರೆ ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿ ಮೆಟ್ಟಿಲು ಹತ್ತಬೇಕಾಗುತ್ತದೆ. ಬಿ.ಇ. ನಾಲ್ಕು ವರ್ಷ. ಅಷ್ಟರಲ್ಲಿ ಎಷ್ಟು ಕರಾರು, ಎಷ್ಟು ಸಲ ಪೇಂಟಿಂಗ್ ಚಾರ್ಜು ಎಂದು ಲೆಕ್ಕ ಹಾಕುವುದನ್ನು ಮೊದಲ ಸೆಮಿಸ್ಟರಿನ ಗಣಿತಕ್ಕೆ ಸೇರಿಸಬಹುದು.

ಹೀಗಾಗಿ ಕೊನೆಗೆ ಪಿಜಿಯೇ ಗತಿ. ಅದು ಮನೆಯೋ ಅಲ್ಲವೋ ಎಂಬ ಜಿಜ್ಞಾಸೆ 2023ರಲ್ಲಿ ರಾಜ್ಯದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಬಂದಿತ್ತು. ಸಂಬಂಧವಿಲ್ಲದ ಜನ ಒಂದೇ ರೂಮಿನಲ್ಲಿರುತ್ತಾರೆ, ಬಿಲ್ಲು ಮಂಚದ ಲೆಕ್ಕದಲ್ಲಿ, ತಮ್ಮದೆಂಬ ಅಡುಗೆಮನೆ ಯಾರಿಗೂ ಇಲ್ಲ. ಆದ್ದರಿಂದ ಇದು ವಾಸದ ಮನೆಯಲ್ಲ, ಶೇ 12 ತೆರಿಗೆ ಕಟ್ಟಿ ಎಂದಿತು ಪ್ರಾಧಿಕಾರ. ಮಗನನ್ನು ಬಿಡಲು ಬಂದ ತಾಯಂದಿರು ಇದೇ ತೀರ್ಪನ್ನು ಬಾಗಿಲಲ್ಲೇ ನಿಂತು, ಕಣ್ಣಲ್ಲಿ ನೀರು ತುಂಬಿಕೊಂಡು, ಯಾವ ಶುಲ್ಕವೂ ಇಲ್ಲದೆ ಕೊಟ್ಟಿದ್ದರು. ಮುಂದಿನ ವರ್ಷ ಜೂನಿನಲ್ಲಿ ಜಿಎಸ್‌ಟಿ ಮಂಡಳಿ ಮನಸ್ಸು ಕರಗಿಸಿಕೊಂಡಿತು: ತಿಂಗಳಿಗೆ ತಲೆಗೆ 20,000 ರೂಪಾಯಿವರೆಗೆ ತೆರಿಗೆಯಿಲ್ಲ, ಆದರೆ ಸತತ 90 ದಿನ ಇರಬೇಕು. ಸಾಂಬಾರಿನ ರುಚಿ ನೋಡಿ ಎರಡನೇ ತಿಂಗಳೇ ಪಿಜಿ ಬದಲಿಸುವವರು ಇದನ್ನು ಗಮನದಲ್ಲಿಡತಕ್ಕದ್ದು.

2024ರಲ್ಲೇ ಕೋರಮಂಗಲದ ಪಿಜಿಯೊಂದರೊಳಗೆ ಯುವತಿಯೊಬ್ಬಳ ಕೊಲೆಯಾಯಿತು. ಆಮೇಲೆ ಬಿಬಿಎಂಪಿ ನಿಯಮ ಹೊರಡಿಸಿತು. ಸಿಸಿಟಿವಿ ಬೇಕು, ಕಾವಲುಗಾರ ಬೇಕು, ತಲೆಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು. ಒಬ್ಬಳ ಜೀವ ಹೋಗುವವರೆಗೆ ಇಷ್ಟೂ ಬೇಕೆಂದು ಯಾರಿಗೂ ತೋಚಲಿಲ್ಲವೇ ಎಂಬ ಪ್ರಶ್ನೆಯನ್ನು ಈ ಪತ್ರ ಗೇಲಿ ಇಲ್ಲದೆಯೇ ಕೇಳುತ್ತದೆ. ಇನ್ನು 70 ಚದರ ಅಡಿಯ ವಿಚಾರ. ಹತ್ತಡಿ, ಹನ್ನೆರಡಡಿಯ ಒಂದು ರೂಮಿಗೆ ಭಾಗಾಕಾರ ಮಾಡಿದರೆ ಒಂದೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ವಿದ್ಯಾರ್ಥಿ ಬರುತ್ತಾನೆ. ಅಂಥ ರೂಮಿನ ಬಾಗಿಲಿಗೆ ‘ತ್ರೀ ಶೇರಿಂಗ್’ ಎಂದು ಬರೆದಿರುತ್ತದೆ. ನೀರಿನ ಬಗ್ಗೆ ಹೇಳುವುದಾದರೆ, ಅದೇ ವರ್ಷದ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಅರ್ಧ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದವರು 135 ಲೀಟರನ್ನು ಓದಿಯೇ ತಂಪಾಗಿರಬೇಕು.

ಬಡವರ ಮಕ್ಕಳನ್ನು ಸರ್ಕಾರ ಮರೆತಿದೆ ಎನ್ನುವಂತಿಲ್ಲ. ಸರ್ಕಾರಿ ಹಾಸ್ಟೆಲ್‌ಗಳಿವೆ. ಆನ್‌ಲೈನ್ ಅರ್ಜಿ, ಆಧಾರ್, ನಾಡಕಚೇರಿಯಿಂದ ತಂದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರು ಎಲ್ಲ ಹಾಕಿ ಕಾಯಬೇಕು. ಸೀಟು ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ: ಊಟಕ್ಕೂ ವಸತಿಗೂ ಸೇರಿ ತಿಂಗಳಿಗೆ ಒಂದೆರಡು ಸಾವಿರ ರೂಪಾಯಿ, ವರ್ಷಕ್ಕೆ ಹತ್ತು ತಿಂಗಳು. ಯಲಹಂಕದಲ್ಲಿ ತ್ರೀ ಶೇರಿಂಗಿಗೆ ಏಳೆಂಟು ಸಾವಿರ ಕೇಳುತ್ತಾರೆ. ಅಂದರೆ ವಿದ್ಯಾಸಿರಿಯನ್ನು ನಂಬಿದ ವಿದ್ಯಾರ್ಥಿ ತಿಂಗಳ ಮೊದಲ ವಾರ ಪಿಜಿಯಲ್ಲಿ ಉಂಡು ಮಲಗಿ, ಉಳಿದ ಮೂರು ವಾರ ಹೆಬ್ಬಾಳ ಕೆರೆಯ ಹಕ್ಕಿಗಳೊಂದಿಗೆ ವಸತಿ ಹಂಚಿಕೊಳ್ಳಬಹುದು.

ಊಟದ ವಿಷಯದಲ್ಲಿ ಯಲಹಂಕದವರದ್ದು ಇನ್ನೆಲ್ಲೂ ಇಲ್ಲದ ಸಂಕಟ. ಎರಡು ವರ್ಷಕ್ಕೊಮ್ಮೆ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ, ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಬಂದು ವಿಮಾನಕ್ಕೆ ಬಡಿದಾವೆಂದು ಸುತ್ತಲೂ ಮಾಂಸ ಮಾರಾಟ ಬಂದ್. 2025ರಲ್ಲಿ ಈ ನಿಷೇಧ 13 ಕಿಲೋಮೀಟರ್ ವ್ಯಾಪ್ತಿಗೆ, ಜನವರಿ 23ರಿಂದ ಫೆಬ್ರವರಿ 17ರವರೆಗೆ ಇತ್ತು. ಭಾನುವಾರದ ಚಿಕನ್ನಿಗಾಗಿ ವಾರವಿಡೀ ಸಪ್ಪೆ ಸಾರು ಸಹಿಸುವ ಹುಡುಗರು ದೇಶದ ರಕ್ಷಣೆಗೆ ಕೊಟ್ಟ ಕಾಣಿಕೆ ಇದು.

ಓದಲು ಬಂದವರಿಗೆ ಮಲಗಲೂ ಜಾಗ ಬೇಕೆಂಬುದು ಈ ಊರಿಗೆ ಹೊಸ ಸಂಗತಿಯೇನಲ್ಲ. ಯಶವಂತಪುರದ ಪಕ್ಕದ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಮೈಸೂರು ಅರಸರು ಕೊಟ್ಟಿದ್ದು 371 ಎಕರೆ. ಅಲ್ಲಿ ವಿದ್ಯಾರ್ಥಿಗಳು ಕ್ಯಾಂಪಸ್ಸಿನಲ್ಲೇ ಇದ್ದು ಓದುತ್ತಾರೆ. ಜಿಕೆವಿಕೆಯ ಕೃಷಿ ವಿದ್ಯಾರ್ಥಿಗಳ ಹಾಸ್ಟೆಲ್ಲುಗಳೂ ಒಳಗೇ ಇವೆ. ಅಷ್ಟು ಜಾಗವಿಲ್ಲದ ಕಾಲೇಜುಗಳ ಹಳ್ಳಿ ಹುಡುಗರು ಹಿಂದೆ ವಾರಾನ್ನ ಮಾಡುತ್ತಿದ್ದರು, ದಿನಕ್ಕೊಂದು ಮನೆಯಲ್ಲಿ ಊಟ. ಆದರೆ ವಾರಾನ್ನದ ಎಲೆ ಎಲ್ಲ ಜಾತಿಯ ಹುಡುಗರಿಗೂ ಬೀಳುತ್ತಿರಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ, 1906ರ ಒಕ್ಕಲಿಗರ ಸಂಘದಂಥವು ಹುಟ್ಟಿದ ಕಾಲದಲ್ಲಿ, ಸಮುದಾಯಗಳು ತಮ್ಮ ತಮ್ಮ ಹಾಸ್ಟೆಲ್ ಕಟ್ಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ. ಅಂದಿನ ಪಂಕ್ತಿಭೇದ ಇಂದು “ಯಾವ ಕಡೆಯೋರು” ಎಂದು ಮೆತ್ತಗೆ ಕೇಳುತ್ತದೆ, ಅಷ್ಟೇ.

ಇನ್ನು ಕೆಲವರು ಈ ಹಾಸ್ಟೆಲ್ಲಿನ ಗೊಡವೆಗೇ ಬರದೆ ದಾರಿ ಕಂಡುಕೊಂಡಿದ್ದಾರೆ. ಗೌರಿಬಿದನೂರು, ದೊಡ್ಡಬಳ್ಳಾಪುರದವರು ಬೆಳಗಿನ ರೈಲಿನಲ್ಲಿ ಯಲಹಂಕಕ್ಕೆ, ತುಮಕೂರಿನವರು ಯಶವಂತಪುರಕ್ಕೆ ಬಂದಿಳಿಯುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಚಿಕ್ಕಬಳ್ಳಾಪುರದ ಹುಡುಗಿಗೆ ಸಾಮಾನ್ಯ ಬಸ್ಸಿನಲ್ಲಿ ದಿನವೂ ಹೋಗಿಬರಲು ಟಿಕೆಟ್ಟಿನ ಖರ್ಚಿಲ್ಲ. ಆಕೆ ರೆಕಾರ್ಡು ಬರೆಯುವುದು, ನಿದ್ದೆ ಮಾಡುವುದು, ಇಂಟರ್ನಲ್ಸ್‌ಗೆ ಓದುವುದು ಎಲ್ಲ ಆ ಬಸ್ಸಿನಲ್ಲೇ. ಸರ್ಕಾರ ಗೊತ್ತಿಲ್ಲದೆ ನಡೆಸುತ್ತಿರುವ ಮಹಿಳಾ ವಿದ್ಯಾರ್ಥಿನಿಲಯ ಅದು. ಅಡ್ವಾನ್ಸ್ ಕೇಳುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ.

ತಮ್ಮ ನೇಮಕಕ್ಕೆ ಈಗ ಕಾಲ ಕೂಡಿಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು, ಅದರಲ್ಲಿ ಬೆಂಗಳೂರು ಉತ್ತರವೂ ಒಂದು. ತಾವು ಮೊದಲು ಮಾಡಬೇಕಾದ ಕೆಲಸ ಬಹಳ ಸಣ್ಣದು. ಪ್ರತಿ ಕಾಲೇಜಿನ ಹೆಸರಿನ ಮುಂದೆ ಸೀಟಿನ ಸಂಖ್ಯೆ ಇರುವ ಪಟ್ಟಿಯಲ್ಲೇ, ಆ ಕಾಲೇಜಿನ ಬಳಿ ಎಷ್ಟು ಮಂಚಗಳಿವೆ, ಅವುಗಳ ಬಾಡಿಗೆ ಎಷ್ಟು ಎಂಬ ಎರಡು ಕಾಲಂ ಸೇರಿಸಿ, ಆಪ್ಷನ್ ಎಂಟ್ರಿಗೆ ಮೊದಲೇ ಪ್ರಕಟಿಸುವುದು. ಸಿಂಧನೂರಿನಲ್ಲಿ ಕುಳಿತ ಅಪ್ಪ ಫೀಸಿನ ಜೊತೆ ಅದನ್ನೂ ನೋಡಿಕೊಂಡು ಮಗಳ ಸೀಟು ಆರಿಸಲಿ.

ಇಂತಿ,
ತಮ್ಮ ನಿಲಯದ ವಾಸಿಗಳ ಪರವಾಗಿ

ಲಗತ್ತು: ಆಧಾರ್ ಪ್ರತಿ, ಕಾಲೇಜಿನ ಗುರುತಿನ ಚೀಟಿ, ಫೋಟೋ ಎರಡು, ಒಂದು ತಿಂಗಳ ಬಾಡಿಗೆ, ವಾಪಸು ಬರುವುದೆಂದು ನಂಬಲಾದ ಅಡ್ವಾನ್ಸಿನ ರಸೀದಿ.