ಆರುನೂರು ಅಡಿ ಕೊರೆದು ನೀರು ಬೇಡ ಅಂದವರು

ಕೋಲಾರದ ಕಡೆಯವರು ಸ್ವೀಡನ್ನಿಗೆ ಬಂದರೆ ಅರಮನೆ ತೋರಿಸಿ, ವಾಸಾ ಹಡಗು ತೋರಿಸಿ, ಮೊಣಕಾಲುದ್ದದ ಹಿಮ ತೋರಿಸಿ. ಬೋರ್‌ವೆಲ್ ಕೊರೆಯುವುದನ್ನು ಮಾತ್ರ ತೋರಿಸಬೇಡಿ. ನಮ್ಮಪ್ಪ ನೋಡಿಬಿಟ್ಟರು. ಆ ಸಂಕಟ ಅವರಿಗೆ ಇವತ್ತಿಗೂ ಇಳಿದಿಲ್ಲ.

ನಾವಿರುವುದು ಸ್ಟಾಕ್‌ಹೋಮಿನ ಉತ್ತರಕ್ಕೆ, ಸೊಲೆಂಟ್ಯೂನಾದಲ್ಲಿ. ಮನೆ 1970ರ ದಶಕದ್ದು. 1973ರ ತೈಲ ಬಿಕ್ಕಟ್ಟಿನಲ್ಲಿ ಎಣ್ಣೆಯ ಬೆಲೆ ಏರಿದ್ದೇ ಏರಿದ್ದು, ಎಣ್ಣೆ ಬಾಯ್ಲರಿನ ಸಹವಾಸವೇ ಬೇಡವೆಂದು ಎಷ್ಟೋ ಮನೆಗಳಿಗೆ ಕರೆಂಟಿನ ಹೀಟರು ಹಾಕಿದರು. ನಮ್ಮದೂ ಹಾಗೇ. 2022ರ ಚಳಿಗಾಲದಲ್ಲಿ ಕರೆಂಟಿನ ದರ ಗಗನಕ್ಕೇರಿ, ಬಿಲ್ಲು ನೋಡಿದ ನನ್ನ ಹೆಂಡತಿ "ಇದರಲ್ಲಿ ಒಂದು ನೆಕ್ಲೇಸ್ ಆಗ್ತಿತ್ತು" ಎಂದಳು. ನೆಕ್ಲೇಸ್ ಆಗಲಿಲ್ಲ. ಬೋರ್‌ವೆಲ್ ಆಯಿತು. ಬೇಸಿಗೆಯಲ್ಲಿ ಮನೆಯೊಳಗಿನ ನೆಲ ಅಗೆಸಿ ಬಿಸಿನೀರಿನ ಪೈಪು ಹಾಸಿ ಕಾಂಕ್ರೀಟು ಮುಚ್ಚಿಸಿದೆವು. ಅಕ್ಟೋಬರಿನಲ್ಲಿ ರಿಗ್ ಬಂತು. ಅದೇ ವಾರ, ತೊಂಬತ್ತು ದಿನದ ವೀಸಾ ಹಿಡಿದು, ಅಪ್ಪ ಅಮ್ಮನೂ ಬಂದರು.

"ಎಷ್ಟು ಅಡಿ ಅಂತೆ?"

"ನೂರ ಎಂಬತ್ತು ಮೀಟರ್ ಅಪ್ಪ. ಆರುನೂರು ಅಡಿ ಹತ್ತಿರ."

"ಅಷ್ಟೇನಾ! ನಮ್ಮಲ್ಲಿ ಆರುನೂರಕ್ಕೆ ಹಲ್ಲುಜ್ಜಕ್ಕೂ ನೀರು ಬರಲ್ಲ. ಪಾಯಿಂಟ್ ಯಾರು ನೋಡಿದ್ದು?"

ಪಾಯಿಂಟ್ ಯಾರೂ ನೋಡಿರಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರು ಇಲ್ಲಿಲ್ಲ. ಇಲ್ಲಿ ನಗರಸಭೆಗೆ ನಕ್ಷೆ ಕೊಟ್ಟು ಒಪ್ಪಿಗೆ ಪಡೆಯಬೇಕು, ಪಕ್ಕದ ಮನೆಯವರ ಕೊಳವೆಯಿಂದ ಇಪ್ಪತ್ತು ಮೀಟರ್ ದೂರ ಇರಬೇಕು. ಹತ್ತಿರವಾದರೆ ಒಬ್ಬರ ಬಂಡೆಯ ಬಿಸಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ. ಇದು ಮಾತ್ರ ಅಪ್ಪನಿಗೆ ವಿವರಣೆಯೇ ಇಲ್ಲದೆ ಅರ್ಥವಾಯಿತು. ಪಕ್ಕದ ತೋಟದವನು ಬೋರ್ ಹಾಕಿಸಿದ ಮೇಲೆ ನಮ್ಮ ಬೋರು ಬತ್ತಿದ ಕಥೆಯನ್ನು ಅವರು ಸೂಟ್‌ಕೇಸಿನ ಜೊತೆ ತಂದೇ ಇದ್ದರು.

ಕೇಸಿಂಗ್ ಇಳಿಯಿತು, ಹ್ಯಾಮರ್ ಶುರುವಾಯಿತು. ಅಪ್ಪ ಊದುಬತ್ತಿ ಹಚ್ಚಿ, ರಿಗ್ಗಿನ ಚಕ್ರದ ಹತ್ತಿರ ಕಾಯಿ ಒಡೆದರು. ಕೊರೆಯುವ ಹುಡುಗ ಒಂದು ಹೋಳನ್ನು ತಿಂದು, ಇನ್ನೊಂದನ್ನು ಜೇಬಿಗಿಟ್ಟುಕೊಂಡ. ಅಪ್ಪ ಕನ್ನಡದಲ್ಲಿ ಕೇಳುವುದು, ಅವನು ಸ್ವೀಡಿಷ್‌ನಲ್ಲಿ ಹೇಳುವುದು. ಇಬ್ಬರಿಗೂ ಏನೂ ತೊಂದರೆ ಕಾಣಲಿಲ್ಲ. ನಮ್ಮೂರಿಗೆ ತಿರುಚೆಂಗೋಡಿನಿಂದ ಬರುವ ಬೋರ್ ಲಾರಿಗಳ ಕಂಪ್ರೆಸರ್ ಮೇಲೆ ಅಟ್ಲಾಸ್ ಕಾಪ್ಕೊ ಅಂತ ಬರೆದಿರುತ್ತದಲ್ಲ, ಆ ಕಂಪನಿ 1873ರಲ್ಲಿ ಹುಟ್ಟಿದ್ದು ಇದೇ ಸ್ಟಾಕ್‌ಹೋಮಿನಲ್ಲಿ ಎಂದೆ. ಅಪ್ಪ ನಂಬಲಿಲ್ಲ. ಅವರ ಲೆಕ್ಕದಲ್ಲಿ ಅದು ತಮಿಳುನಾಡಿನದು.

ಇಪ್ಪತ್ತು ಮೀಟರ್ ದಾಟುತ್ತಿದ್ದಂತೆ ನೀರು ಚಿಮ್ಮಿತು.

"ನೀರು! ಲೋ, ನೀರು ಬಂತು! ನಿಲ್ಸಕ್ಕೆ ಹೇಳೋ!"

ಹುಡುಗನ ಮುಖ ಮಾತ್ರ ಸಣ್ಣಗಾಯಿತು. ನೀರು ಜಾಸ್ತಿ ಬಂದರೆ ಹ್ಯಾಮರ್ ಏಟು ಬಿಗಿಯಾಗಿ ಬೀಳುವುದಿಲ್ಲ. ಬೂದುಬಣ್ಣದ ಕೆಸರು ಕಂಟೈನರ್ ತುಂಬಿ ಹರಿದರೆ ಅದನ್ನು ಸಾಗಿಸುವ ತಲೆನೋವು ಬೇರೆ. ಅವನು ಕೊರೆಯುತ್ತಲೇ ಹೋದ. ನೀರು ಬರುತ್ತಲೇ ಹೋಯಿತು. ಅಪ್ಪ ಬೇಲಿ ಹಿಡಿದುಕೊಂಡು, "ಎರಡೂವರೆ ಇಂಚಿಗೆ ಮೋಸ ಇಲ್ಲ. ಎರಡೆಕರೆ ಟೊಮೆಟೊ ಆರಾಮಾಗಿ ಬೆಳೀಬಹುದು. ಇವನು ಮುಖ ಸಿಂಡರಿಸ್ತಾನಲ್ಲೋ!" ಎಂದರು. ಇವರ ಬಂಡೆಯೂ ಗ್ರಾನೈಟ್, ನೈಸ್ ಶಿಲೆ. ಕೋಲಾರದ ಬಂಡೆಯೂ ಅದೇ ಜಾತಿಯದು. ನಮ್ಮ ಬಂಡೆಯಲ್ಲಿ ಧೂಳು, ಇವರದರಲ್ಲಿ ಗಂಗೆ. ಅಪ್ಪನ ಪ್ರಕಾರ ಇದು ಭೂವಿಜ್ಞಾನವಲ್ಲ, ಪಕ್ಷಪಾತ.

ರಾತ್ರಿ ಊಟದ ಹೊತ್ತಿಗೆ ಪ್ರಶ್ನೆ ಬಂತು. ನೀರು ಎತ್ತುವುದಿಲ್ಲ, ಸರಿ. ಮತ್ತೆ ಎತ್ತುವುದೇನು?

ಬಿಸಿ ಎಂದೆ. ಆ ಆಳದಲ್ಲಿ ಬಂಡೆ ಬೇಸಿಗೆ ಚಳಿಗಾಲ ಎನ್ನದೆ ಏಳೆಂಟು ಡಿಗ್ರಿ ಇರುತ್ತದೆ. ಕೊಳವೆಗೆ ಉದ್ದನೆಯ ಪ್ಲಾಸ್ಟಿಕ್ ಪೈಪನ್ನು ಮಡಚಿ ಇಳಿಬಿಡುತ್ತಾರೆ, ಅದು ಅಂತರ್ಜಲದಲ್ಲೇ ಮುಳುಗಿರುತ್ತದೆ. ಪೈಪಿನೊಳಗಿನ ದ್ರವ ಸೊನ್ನೆಯ ಆಸುಪಾಸಿನಲ್ಲಿ ಇಳಿದು, ಮೂರ್ನಾಲ್ಕು ಡಿಗ್ರಿ ಬೆಚ್ಚಗಾಗಿ ಮೇಲೆ ಬರುತ್ತದೆ.

"ಎಂಟು ಡಿಗ್ರಿ ಬಂಡೆ ಮನೇನ ಬೆಚ್ಚಗೆ ಮಾಡುತ್ತಾ? ಯಾರೋ ಟೋಪಿ ಹಾಕವ್ರೆ ನಿಂಗೆ."

ಫ್ರಿಜ್ಜಿನ ಹಿಂದಕ್ಕೆ ಕರೆದುಕೊಂಡು ಹೋಗಿ ಕೈ ಇಡಿಸಿದೆ. ಬಿಸಿ. ಒಳಗಿನ ಮೊಸರಿನ ಬಿಸಿಯನ್ನು ಹೀರಿ ಹೊರಗೆ ಬಿಡುತ್ತಿದೆ. ಹೀಟ್ ಪಂಪು ಇದೇ ಕೆಲಸವನ್ನು ಬಂಡೆಗೆ ಮಾಡುತ್ತದೆ, ಒಂದು ಯೂನಿಟ್ ಕರೆಂಟಿಗೆ ಮೂರು ನಾಲ್ಕು ಯೂನಿಟ್ ಬಿಸಿ ಕೊಡುತ್ತದೆ ಎಂದೆ. ಅಪ್ಪ ಒಪ್ಪಿದಂತೆ ಕಂಡರು. ಆಗ ಅಮ್ಮ, ಪೈಪಿನಲ್ಲಿರುವುದು ನೀರೇ ತಾನೇ ಅಂತ ಕೇಳಿದರು.

ಹೆಪ್ಪುಗಟ್ಟದಿರಲಿ ಎಂದು ಆ ನೀರಿಗೆ ಇಲ್ಲಿ ಎಥನಾಲ್ ಬೆರೆಸುತ್ತಾರೆ.

"ಅಂದ್ರೆ ಹೆಂಡ. ದೇವರ ಮಂಟಪದ ಕೆಳಗೆ ಹೆಂಡ ಹರಿಯುತ್ತೆ."

ಇಲ್ಲಮ್ಮ, ಅದು ಕೊಳವೆಗೆ ಮಾತ್ರ. ನೆಲದ ಪೈಪಿನಲ್ಲಿರುವುದು ಬರೀ ನೀರು, ಎರಡೂ ಬೆರೆಯುವುದಿಲ್ಲ, ಪಂಪಿನೊಳಗೆ ಬಿಸಿ ಮಾತ್ರ ದಾಟುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಮಂಟಪವನ್ನು ಗೋಡೆಯ ಶೆಲ್ಫಿಗೆ ಏರಿಸಿದರು.

ನವೆಂಬರಿನಲ್ಲಿ ಹೊರಗೆ ಮೈನಸ್ ಆಯಿತು. ಈ ವ್ಯವಸ್ಥೆಯಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಇಲ್ಲ. ಕೈ ಕಾಯಿಸಿಕೊಳ್ಳಲು ಬೆಂಕಿಯಿಲ್ಲ, ಬಟ್ಟೆ ಹರವಲು ರೇಡಿಯೇಟರ್ ಇಲ್ಲ. ಮೂವತ್ತು ಮೂವತ್ತೈದು ಡಿಗ್ರಿಯ ನೀರು ನೆಲದಡಿಯಲ್ಲಿ ಸುತ್ತುತ್ತಿರುತ್ತದೆ, ಅಷ್ಟೆ. ಕಾಂಕ್ರೀಟು ನಮ್ಮ ದೊಡ್ಡಪ್ಪನ ಸಿಟ್ಟಿನ ಹಾಗೆ: ಏರಲು ಅರ್ಧ ದಿನ, ಇಳಿಯಲು ಇನ್ನರ್ಧ ದಿನ. ಇದು ಅಪ್ಪನಿಗೆ ಗೊತ್ತಿಲ್ಲ. ಸಂಜೆ ಚಳಿ ಎಂದು ಗೋಡೆಯ ಗುಂಡಿಯನ್ನು 25ಕ್ಕೆ ತಿರುಗಿಸಿದರು. ಹತ್ತು ನಿಮಿಷ ಕಾದು, ಬಿಸಿ ಬರಲಿಲ್ಲವೆಂದು 28. ನಡುರಾತ್ರಿ ಮನೆಮಂದಿಯೆಲ್ಲ ರಜಾಯಿ ಒದ್ದು ಎದ್ದೆವು. ನನ್ನ ಹೆಂಡತಿ ಹೋಗಿ 18ಕ್ಕೆ ಇಳಿಸಿದಳು. ಅದರ ಫಲ ಮರುದಿನ ಮಧ್ಯಾಹ್ನ ಬಂತು, ಅಪ್ಪ ಮಂಕಿಕ್ಯಾಪ್ ಹಾಕಿಕೊಂಡು ಕೂತಿದ್ದರು. ಮತ್ತೆ 25. ಮನೆಯಲ್ಲಿ ಯಾರು ಯಾವಾಗ ಮುನಿದಿದ್ದರು ಎಂಬುದು ಹನ್ನೆರಡು ಗಂಟೆ ತಡವಾಗಿ ಅಂಗಾಲಿಗೆ ಗೊತ್ತಾಗುತ್ತಿತ್ತು.

ನೆಲದ ಮರ್ಮ ತಿಳಿದದ್ದು ಅಮ್ಮನಿಗೆ. ಪೈಪುಗಳೆಲ್ಲ ಒಂದೆಡೆ ಸೇರಿ ಕವಲೊಡೆಯುವ ಪೆಟ್ಟಿಗೆ ಬಟ್ಟೆ ಒಗೆಯುವ ಕೋಣೆಯಲ್ಲಿದೆ. ಅದರ ಮುಂದಿನ ನಾಲ್ಕು ಟೈಲ್ಸು ಉಳಿದ ನೆಲಕ್ಕಿಂತ ಬೆಚ್ಚಗೆ. ಬರಿಗಾಲಲ್ಲಿ ಓಡಾಡಿ ಅಮ್ಮ ಅದನ್ನು ಪತ್ತೆ ಮಾಡಿದರು. ಅಂದಿನಿಂದ ದೋಸೆ ಹಿಟ್ಟಿನ ಪಾತ್ರೆ ಅಲ್ಲೇ. ಹಿಟ್ಟು ಉಬ್ಬಲಿ ಎಂದು ನಾವು ಓವನ್ನಿನ ದೀಪ ಉರಿಸಿ ಪ್ರಾರ್ಥನೆ ಮಾಡುತ್ತಿದ್ದವರು. ಈಗ ಬೆಳಿಗ್ಗೆ ಮುಚ್ಚಳವೇ ಎದ್ದು ನಿಂತಿರುತ್ತದೆ. ಡಿಸೆಂಬರಿನಲ್ಲಿ ಮಜ್ಜಿಗೆ ಮೆಣಸಿನಕಾಯಿ, ಅಕ್ಕಿ ಸಂಡಿಗೆ. ಇಲ್ಲಿನ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಬಿಸಿಲಿಲ್ಲದ ದೇಶದಲ್ಲಿ ಸಂಡಿಗೆ ಗರಿಗರಿಯಾಗಿ ಒಣಗಿತು.

ಇಷ್ಟು ಕಂಡ ಮೇಲೆ ನನ್ನ ತೀರ್ಮಾನ: ನೆಲದಡಿಯ ಬಿಸಿ ಕುರ್ಚಿ ಮೇಲೆ ಕೂರುವವರಿಗಲ್ಲ. ಕೊರಿಯಾದವರು ಒಂಡೋಲ್ ಎಂದು ಒಲೆಯ ಹೊಗೆಯನ್ನು ನೆಲದಡಿ ಹಾಯಿಸಿ, ಅದರ ಮೇಲೇ ಕೂತು, ಉಂಡು, ಮಲಗಿ ಶತಮಾನಗಳಿಂದ ಸುಖವಾಗಿದ್ದಾರೆ. ಸ್ವೀಡನ್ನಿನವರು ಲಕ್ಷಾಂತರ ಮನೆಗಳಿಗೆ ಬಂಡೆ ಕೊರೆಸಿದ್ದಾರೆ, ಸೋಫಾದಿಂದ ಮಾತ್ರ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಈಗ ಊಟ ನೆಲದ ಮೇಲೆ. ಊಟವಾದ ಮೇಲೆ ಅಪ್ಪ ಅಲ್ಲೇ ಟವೆಲ್ ಹಾಸಿ ಬೆನ್ನು ಕಾಯಿಸಿಕೊಳ್ಳುತ್ತಾರೆ. ಮಂಡಿನೋವು ಕಮ್ಮಿಯಾಗಿದೆಯಂತೆ. ಅದಕ್ಕೆ ನಾನು ಜವಾಬ್ದಾರನಲ್ಲ.

ನೀವೂ ಚಳಿಗಾಲದಲ್ಲೇ ಬನ್ನಿ. ದಪ್ಪ ಜಮಖಾನೆ ತರಬೇಡಿ, ಹಾಸಿದರೆ ಬಿಸಿ ಮೇಲೆ ಬರುವುದಿಲ್ಲ, ಚಾಪೆ ಸಾಕು. ಉದ್ದಿನಬೇಳೆ ಎಷ್ಟು ತಂದರೂ ಸಂತೋಷ. ಗೋಡೆಯ ಮೇಲಿನ ಗುಂಡಿಗಳನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.